ಬೆಟ್ಟದ ಗೊರಿಲ್ಲಾ ಎದುರು ಒಂದು ಗಂಟೆ

ಮೈಸೂರು ಮೃಗಾಲಯದಲ್ಲಿ ನೀವು ಗೊರಿಲ್ಲಾ ನೋಡಿರಬಹುದು. ಅಲ್ಲಿ ಬಹಳ ವರ್ಷ ಪೋಲೋ ಎಂಬ ಒಂಟಿ ಗೊರಿಲ್ಲಾ ಇತ್ತು. ಅದು ತೀರಿಕೊಂಡ ಮೇಲೆ, 2021ರಲ್ಲಿ, ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಇವೆಲ್ಲ ತಗ್ಗುನಾಡಿನ ಕಾಡುಗಳಿಗೆ ಸೇರಿದವು. ಬೆಟ್ಟದ ಗೊರಿಲ್ಲಾ ಎಂಬ ಇನ್ನೊಂದು ಬಗೆಯಿದೆ. ಅದನ್ನು ಜಗತ್ತಿನ ಯಾವ ಮೃಗಾಲಯದಲ್ಲೂ ನೀವು ಕಾಣಲಾರಿರಿ. ನೋಡಬೇಕೆಂದರೆ ಅದರ ಕಾಡಿಗೇ ಹೋಗಬೇಕು. ಅಂಥ ಕಾಡುಗಳು ಎರಡೇ: ಉಗಾಂಡ, ರುವಾಂಡ ಮತ್ತು ಕಾಂಗೊ ಗಡಿಗಳು ಕೂಡುವ ಕಡೆಯ ವಿರುಂಗ ಜ್ವಾಲಾಮುಖಿ ಪರ್ವತಗಳು, ಅವುಗಳ ಉತ್ತರಕ್ಕೆ ಉಗಾಂಡದ ಬ್ವಿಂಡಿ ಮಳೆಕಾಡು.

ಬ್ವಿಂಡಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 320 ಚದರ ಕಿಲೋಮೀಟರ್. ಕಡಿದಾದ ಇಳಿಜಾರು, ಸದಾ ಒದ್ದೆ ನೆಲ, 160ಕ್ಕೂ ಹೆಚ್ಚು ಜಾತಿಯ ಮರಗಳು. 'ಒಳಹೋಗಲಾಗದ ಕಾಡು' ಎಂಬ ಅರ್ಥದ ಮಾತು ಅದರ ಅಧಿಕೃತ ಹೆಸರಿನಲ್ಲಿಯೇ ಸೇರಿದೆ. ಚಿಂಪಾಂಜಿಯೂ ಗೊರಿಲ್ಲಾವೂ ಕೂಡಿ ಬಾಳುವ ಕಾಡುಗಳಲ್ಲಿ ಇದೂ ಒಂದು. ಇಲ್ಲಿ ಜೀಪಿನ ಸಫಾರಿ ಇಲ್ಲ, ನಡೆಯಬೇಕು. ಬೆಳಗ್ಗೆಯೇ ಜಾಡುಗಾರರು ಮುಂದೆ ಹೋಗಿ, ಗೊರಿಲ್ಲಾ ಗುಂಪು ಹಿಂದಿನ ರಾತ್ರಿ ಮಲಗಿದ್ದ ಗೂಡುಗಳಿಂದ ಜಾಡು ಹಿಡಿಯುತ್ತಾರೆ. ನೀವು ಮಾರ್ಗದರ್ಶಕನೊಡನೆ ಹಿಂದೆ ಹೋಗುತ್ತೀರಿ. ಅರ್ಧ ಗಂಟೆಯಲ್ಲಿ ಸಿಗಬಹುದು, ಅರ್ಧ ದಿನವೂ ಆಗಬಹುದು. ಒಂದು ಗುಂಪಿಗೆ ದಿನಕ್ಕೆ ಎಂಟೇ ಪ್ರವಾಸಿಗರು. 15 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ನೆಗಡಿ, ಕೆಮ್ಮು ಇದ್ದವರು ಹೋಗುವಂತಿಲ್ಲ. ನೋಡಲು ಸಿಗುವುದು ಒಂದು ಗಂಟೆ. ವಿದೇಶೀಯರಿಗೆ ಇದರ ಪರವಾನಗಿ ಶುಲ್ಕ ಉಗಾಂಡದಲ್ಲಿ 2024ರ ಜುಲೈನಿಂದ 800 ಡಾಲರ್. ರುವಾಂಡದಲ್ಲಿ 2017ರಿಂದಲೇ 1,500 ಡಾಲರ್.

ಇಷ್ಟೊಂದು ಕಟ್ಟುಪಾಡು ಏಕೆ? ಇವೆಲ್ಲ ಒಂದೇ ದಿನ ಕಚೇರಿಯಲ್ಲಿ ಕುಳಿತು ಬರೆದ ನಿಯಮಗಳಲ್ಲ. ಒಂದೊಂದರ ಹಿಂದೆಯೂ ಒಂದು ಘಟನೆ ಇದೆ.

ಹೊರಗಿನವರು ಈ ವಾನರವನ್ನು ಮೊದಲು ನೋಡಿದ್ದು ಬಂದೂಕಿನ ಹಿಂದಿನಿಂದ. 1902ರ ಅಕ್ಟೋಬರ್‌ನಲ್ಲಿ ರಾಬರ್ಟ್ ಫಾನ್ ಬೆರಿಂಗೆ ಎಂಬ ಜರ್ಮನ್ ಸೇನಾಧಿಕಾರಿ ವಿರುಂಗದ ಸಬಿನ್ಯೊ ಶಿಖರ ಏರುವಾಗ ಎರಡು ಗೊರಿಲ್ಲಾಗಳನ್ನು ಹೊಡೆದ. ಅವುಗಳಲ್ಲೊಂದನ್ನು ಪರೀಕ್ಷಿಸಿದ ಬರ್ಲಿನ್ನಿನ ಪ್ರಾಣಿಶಾಸ್ತ್ರಜ್ಞ ಪೌಲ್ ಮಾಟ್‌ಶಿ 1903ರಲ್ಲಿ ಹೊಸ ಪ್ರಭೇದವೆಂದು ಹೆಸರಿಟ್ಟರು. ಇಂದು ಬೆಟ್ಟದ ಗೊರಿಲ್ಲಾದ ವೈಜ್ಞಾನಿಕ ಹೆಸರು ಗೊರಿಲ್ಲಾ ಬೆರಿಂಗೈ ಬೆರಿಂಗೈ. ಕೊಂದವನ ಹೆಸರು ಎರಡು ಸಲ!

1921ರಲ್ಲಿ ಅಮೆರಿಕದ ಕಾರ್ಲ್ ಏಕ್ಲಿ ಬಂದರು. ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವುದರಲ್ಲಿ ನಿಪುಣ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕಾಗಿ ಅವರ ತಂಡ ಐದು ಗೊರಿಲ್ಲಾಗಳನ್ನು ಕೊಂದಿತು. ಆದರೆ ಅದೇ ಏಕ್ಲಿ, ಇವುಗಳಿಗೆ ರಕ್ಷಣೆ ಬೇಕೆಂದು ಬೆಲ್ಜಿಯಂ ದೊರೆಯ ಬೆನ್ನುಹತ್ತಿದರು. 1925ರಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಮರುವರ್ಷ ಮತ್ತೆ ಬಂದ ಅವರು ಮಿಕೆನೊ ಪರ್ವತದ ಕಬಾರ ಎಂಬಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲಿಯೇ.

ಆ ಕಬಾರದಲ್ಲಿಯೇ 1959ರಲ್ಲಿ ಜಾರ್ಜ್ ಷಾಲರ್ ಬೀಡುಬಿಟ್ಟರು. ಕೈಯಲ್ಲಿ ಇದ್ದುದು ಬಂದೂಕಲ್ಲ, ಟಿಪ್ಪಣಿ ಪುಸ್ತಕ. ಎದೆ ಬಡಿದುಕೊಂಡು ಮನುಷ್ಯರ ಮೇಲೆರಗುವ ರಾಕ್ಷಸ ಎಂಬ ಕಥೆಗೆ ಎದುರಾಗಿ ಅವರು ಕಂಡದ್ದು ಎಲೆ, ಕಾಂಡ ತಿಂದು, ನಡುಹಗಲು ಮಲಗಿ, ಮರಿಗಳೊಡನೆ ಕಾಲ ಕಳೆಯುವ ಕುಟುಂಬಗಳನ್ನು. ವಿರುಂಗದಲ್ಲಿ ಸುಮಾರು 450 ಗೊರಿಲ್ಲಾಗಳಿವೆ ಎಂದು ಅವರು ಅಂದಾಜು ಮಾಡಿದರು. 1967ರಿಂದ ರುವಾಂಡದ ಕಡೆ ಅಧ್ಯಯನ ನಡೆಸಿದ ಡಯಾನ್ ಫಾಸಿಗೆ ಡಿಜಿಟ್ ಎಂಬ ಗೊರಿಲ್ಲಾ ಅಚ್ಚುಮೆಚ್ಚು. 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಅದನ್ನು ಕೊಂದು ತಲೆ, ಕೈ ಕತ್ತರಿಸಿದರು. ಅಷ್ಟರಲ್ಲಿ ಕಾಡೂ ಕರಗಿತ್ತು. ಕೀಟನಾಶಕ ಕೊಡುವ ಪೈರೆಥ್ರಮ್ ಹೂ ಬೆಳೆಯಲು 1960ರ ದಶಕದ ಕೊನೆಯಲ್ಲಿ ರುವಾಂಡದ ಉದ್ಯಾನದಿಂದ ಸುಮಾರು 10,000 ಹೆಕ್ಟೇರ್ ತೆಗೆದುಕೊಳ್ಳಲಾಗಿತ್ತು. 1981ರ ಗಣತಿಯಲ್ಲಿ ವಿರುಂಗದಲ್ಲಿ ಉಳಿದಿದ್ದುದು ಸುಮಾರು 250.

ಉಳಿದ ಕಾಡನ್ನೂ ದನ ಸಾಕಣೆಗೆ ಕೇಳುತ್ತಿದ್ದ ಆ ಹೊತ್ತಿನಲ್ಲಿ, ಬಿಲ್ ವೆಬರ್ ಮತ್ತು ಏಮಿ ವೆಡರ್ ಎಂಬ ಯುವ ಸಂಶೋಧಕ ದಂಪತಿ ಬೇರೆ ಲೆಕ್ಕ ಮುಂದಿಟ್ಟರು: ಗೊರಿಲ್ಲಾ ನೋಡಲು ಬರುವವರು ಹಣ ಕೊಟ್ಟರೆ ಕಾಡು ದೇಶಕ್ಕೆ ಲಾಭವಾಗುತ್ತದೆ. 1979ರಲ್ಲಿ ರುವಾಂಡದಲ್ಲಿ ಇದು ಆರಂಭವಾಯಿತು. ಫಾಸಿ ಇದನ್ನು ಒಪ್ಪಲಿಲ್ಲ. ಅವರ ಆತಂಕ ಪೊಳ್ಳಾಗಿರಲಿಲ್ಲ ಎಂಬುದನ್ನು ಮುಂದೆ ನೋಡುತ್ತೀರಿ. ಆದರೂ ನನ್ನ ಮಟ್ಟಿಗೆ ವೆಬರ್ ಮತ್ತು ವೆಡರ್ ಲೆಕ್ಕವೇ ಸರಿ; ಇಲ್ಲದಿದ್ದರೆ ಅಲ್ಲಿ ಇಂದು ದನ ಮೇಯುತ್ತಿದ್ದವು.

ಕಾಡು ಗೊರಿಲ್ಲಾ ಮನುಷ್ಯರನ್ನು ಕಂಡರೆ ಓಡುತ್ತದೆ, ಇಲ್ಲವೇ ಗಂಡು ನುಗ್ಗಿ ಬರುತ್ತದೆ. ಆದ್ದರಿಂದ ಪ್ರವಾಸಿಗರಿಗೆ ತೋರಿಸುವ ಮೊದಲು ಗುಂಪನ್ನು ಒಗ್ಗಿಸಬೇಕು. ಅದೇ ಸಿಬ್ಬಂದಿ ದಿನವೂ ಹೋಗಿ, ತಲೆ ತಗ್ಗಿಸಿ ಕುಳಿತು, ಗೊರಿಲ್ಲಾಗಳಂತೆ ಗಂಟಲಲ್ಲಿ ತೇಗುವ ಸದ್ದು ಮಾಡುತ್ತಾರೆ. ಇದಕ್ಕೆ ಸುಮಾರು ಎರಡು ವರ್ಷ ಬೇಕು. ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1993ರಲ್ಲಿ ಪ್ರವಾಸಿಗರು ಬರತೊಡಗಿದರು.

ಹತ್ತಿರವಾದದ್ದು ಪ್ರಾಣಿ ಮಾತ್ರವೇ? ರೋಗವೂ ಹತ್ತಿರ ಬಂತು. ನಮ್ಮ ಮತ್ತು ಗೊರಿಲ್ಲಾಗಳ ಡಿಎನ್‌ಎ ಸುಮಾರು ಶೇ. 98ರಷ್ಟು ಒಂದೇ ಬಗೆಯದು, ಹೀಗಾಗಿ ನಮ್ಮ ಎಷ್ಟೋ ಸೋಂಕುಗಳು ಅವಕ್ಕೂ ತಗಲುತ್ತವೆ. ನಮಗೆ ಬರಿಯ ನೆಗಡಿಯಾಗುವ ವೈರಸ್ ಅವಕ್ಕೆ ನ್ಯುಮೋನಿಯ ಆಗಬಹುದು. 1996ರಲ್ಲಿ ಬ್ವಿಂಡಿಯ ಒಂದು ಗುಂಪಿನಲ್ಲಿ ಕೂದಲು ಉದುರಿ ಚರ್ಮ ಬಿಳಿಚತೊಡಗಿತು. ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕ ಪರೀಕ್ಷಿಸಿದಾಗ ಕಂಡದ್ದು ಕಜ್ಜಿ. ಒಂದು ಮರಿ ಸತ್ತಿತು. ಉಳಿದವು ಐವರ್‌ಮೆಕ್ಟಿನ್ ಚಿಕಿತ್ಸೆಯಿಂದ ಚೇತರಿಸಿಕೊಂಡವು. ಹೊಲದ ಬೆರ್ಚಪ್ಪನಿಗೆ ತೊಡಿಸಿದ್ದ ಹಳೆಯ ಬಟ್ಟೆಗಳಿಂದ ಅದು ದಾಟಿರಬೇಕೆಂದು ಶಂಕಿಸಲಾಯಿತು. ಹಳ್ಳಿಯವರಿಗೆ ಔಷಧಿ ಇಲ್ಲದಿದ್ದರೆ ಗೊರಿಲ್ಲಾಕ್ಕೂ ಆರೋಗ್ಯವಿಲ್ಲ ಎಂದು ಕಂಡುಕೊಂಡ ಅವರು 2003ರಲ್ಲಿ ಎರಡನ್ನೂ ಕೂಡಿಸಿ ಕೆಲಸಮಾಡುವ ಸಂಸ್ಥೆ ಕಟ್ಟಿದರು. 2009ರಲ್ಲಿ ರುವಾಂಡದ ಒಂದು ಗುಂಪಿನಲ್ಲಿ ಮನುಷ್ಯರ ಉಸಿರಾಟದ ವೈರಸ್ಸಿನಿಂದ ಒಂದು ಹೆಣ್ಣು, ಒಂದು ಮರಿ ಸತ್ತವು. ಕೆಮ್ಮುವವರನ್ನು ಏಕೆ ತಡೆಯುತ್ತಾರೆ ಎಂಬುದು ಈಗ ತಿಳಿಯಿತಲ್ಲವೇ?

ಇವನ್ನು ಎಣಿಸುವುದು ಹೇಗೆ? ಗೊರಿಲ್ಲಾ ಪ್ರತಿ ರಾತ್ರಿ ಹೊಸ ಗೂಡು ಹಾಸಿಕೊಳ್ಳುತ್ತದೆ, ಅದರಲ್ಲಿ ಲದ್ದಿ ಬಿಡುತ್ತದೆ. ಗೂಡು ಎಣಿಸಿದರೆ ತಲೆ ಎಣಿಸಿದಂತೆ ಎಂದುಕೊಂಡಿದ್ದರು. 2006ರಲ್ಲಿ ಬ್ವಿಂಡಿಯಲ್ಲಿ ಗೂಡಿನ ಲೆಕ್ಕ 336 ಬಂತು. ಲದ್ದಿಯ ಡಿಎನ್‌ಎ ಪರೀಕ್ಷಿಸಿದಾಗ 302. ಕೆಲವು ಗೊರಿಲ್ಲಾಗಳು ಒಂದೇ ರಾತ್ರಿ ಒಂದಕ್ಕಿಂತ ಹೆಚ್ಚು ಗೂಡು ಮಾಡಿದ್ದವು! 2019ರ ಡಿಸೆಂಬರ್‌ನಲ್ಲಿ ಪ್ರಕಟವಾದ ಲೆಕ್ಕ: ಬ್ವಿಂಡಿಯಲ್ಲಿ 459, ವಿರುಂಗದಲ್ಲಿ 604, ಒಟ್ಟು 1,063. ಸಂಖ್ಯೆ ಏರಿದೆ ಎಂದು 2018ರಲ್ಲಿಯೇ ಇವನ್ನು 'ತೀವ್ರ ಅಪಾಯ'ದ ಪಟ್ಟಿಯಿಂದ 'ಅಪಾಯ'ದ ಪಟ್ಟಿಗೆ ಇಳಿಸಲಾಗಿತ್ತು.

ಈ ಲೆಕ್ಕದಲ್ಲಿ ಬರದವರು ಬಟ್ವಾ ಜನ. ತಲೆತಲಾಂತರದಿಂದ ಬೇಟೆ, ಜೇನು, ಗೆಡ್ಡೆಗಳಿಂದ ಬ್ವಿಂಡಿಯಲ್ಲಿ ಬದುಕಿದವರು. ಉದ್ಯಾನವಾದಾಗ ಅವರನ್ನು ಹೊರಹಾಕಲಾಯಿತು. ಹೆಚ್ಚಿನವರಿಗೆ ಭೂಮಿಯೂ ಸಿಗಲಿಲ್ಲ, ಪರಿಹಾರವೂ ಇಲ್ಲ. ಅವರಿಗೆ ನ್ಯಾಯವಾದ ಪರಿಹಾರ ಸಲ್ಲಬೇಕೆಂದು ಉಗಾಂಡದ ಸಂವಿಧಾನ ನ್ಯಾಯಾಲಯ ಹೇಳಿದ್ದು 2021ರಲ್ಲಿ, ಮೂವತ್ತು ವರ್ಷಗಳ ನಂತರ. ಗೊರಿಲ್ಲಾ ನೋಡಿ ಬರುವ ದಾರಿಯಲ್ಲಿ ಪ್ರವಾಸಿಗರಿಗಾಗಿ ಕುಣಿದು ತೋರಿಸುವವರೂ ಅವರೇ.

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಉದ್ಯಾನ ಮುಚ್ಚಿತು. ಪ್ರವಾಸಿಗರ ಹಣ ನಿಂತಿತು, ಊರವರ ಸಂಪಾದನೆಯೂ ನಿಂತಿತು. ಜೂನ್‌ನಲ್ಲಿ, ಸಣ್ಣ ಪ್ರಾಣಿಗಳ ಬೇಟೆಗೆ ಹೋದವನೊಬ್ಬನ ಈಟಿಗೆ ರಫೀಕಿ ಎಂಬ ಬೆಳ್ಳಿಬೆನ್ನಿನ ಗಂಡು ಬಲಿಯಾಯಿತು. ಹದಿನೇಳು ಗೊರಿಲ್ಲಾಗಳ ಗುಂಪಿನ ಮುಖಂಡ, ಮನುಷ್ಯರಿಗೆ ಚೆನ್ನಾಗಿ ಒಗ್ಗಿದ್ದುದು. ಅದು ಮೇಲೆರಗಿತು, ಆತ್ಮರಕ್ಷಣೆಗೆ ಇರಿದೆ ಎಂದ ಅವನಿಗೆ 11 ವರ್ಷ ಜೈಲು ಶಿಕ್ಷೆಯಾಯಿತು. ಸೆಪ್ಟೆಂಬರ್‌ನಲ್ಲಿ ಕಾಡು ಮತ್ತೆ ತೆರೆದಾಗ ಮುಖಗವಸು ಕಡ್ಡಾಯವಾಗಿತ್ತು, 7 ಮೀಟರ್ ಇದ್ದ ಅಂತರ 10 ಮೀಟರ್ ಆಗಿತ್ತು. ಮರಿಯೊಂದು ಕುತೂಹಲದಿಂದ ನಿಮ್ಮತ್ತ ನಡೆದು ಬಂದರೆ, ಮಾರ್ಗದರ್ಶಕ ಕೈಯಾಡಿಸುತ್ತಾನೆ. ಹಿಂದೆ ಸರಿಯಬೇಕಾದವರು ನೀವು.