ಹೊಡೆದವರು ಬರೆದ ನೆನಪು

2000ನೇ ಇಸವಿಯ ಆಚೀಚೆ ಇಂಗ್ಲೆಂಡಿನ ಪುಸ್ತಕದಂಗಡಿಗಳಲ್ಲಿ ಫುಟ್‌ಬಾಲ್ ಆಟಗಾರರ ಆತ್ಮಕಥೆಗಳ ಪಕ್ಕದಲ್ಲೇ ಇನ್ನೊಂದು ಬಗೆಯ ಆತ್ಮಕಥೆಗಳೂ ರಾಶಿ ಬೀಳತೊಡಗಿದ್ದವು. ಇವನ್ನು ಬರೆದವರು ಚೆಂಡನ್ನು ಒದ್ದವರಲ್ಲ, ಎದುರು ತಂಡದ ಬೆಂಬಲಿಗರನ್ನು ಒದ್ದವರು. ಹರೆಯದಲ್ಲಿ ಜೈಲು ಕಂಡು, ನಲವತ್ತು ದಾಟಿದ ಮೇಲೆ ಪೆನ್ನು ಹಿಡಿದವರು. ಸ್ಟೀವ್ ರೆಡ್‌ಹೆಡ್ ಎಂಬ ವಿದ್ವಾಂಸರು ಈ ರಾಶಿಯನ್ನು ಪಟ್ಟಿಮಾಡಿ ‘ಹಿಟ್ ಅಂಡ್ ಟೆಲ್’ ಎಂದು ಹೆಸರಿಟ್ಟರು. ಹೆಸರಿನಲ್ಲಿ ಗೇಲಿ ಇದೆ, ಆದರೆ ಅವರು ಆ ಪುಸ್ತಕಗಳನ್ನು ಕಸವೆಂದು ಬದಿಗೆ ಸರಿಸಲಿಲ್ಲ. ಫುಟ್‌ಬಾಲ್ ಪುಂಡಾಟಿಕೆಯ ಬಗ್ಗೆ ಅದಾಗಲೇ ಮೂವತ್ತು ವರ್ಷಗಳಿಂದ ಸಮಾಜಶಾಸ್ತ್ರಜ್ಞರು ಬರೆಯುತ್ತಿದ್ದರು. ಪುಂಡರೇ ಬರೆಯಲು ಕೂತದ್ದು ತಡವಾಗಿ.

ಕಥೆ ಶುರುವಾಗುವುದು ಟೆರೇಸಿನಲ್ಲಿ. ಇದು ನಮ್ಮ ಮನೆಗಳ ತಾರಸಿಯಲ್ಲ; ಗೋಲುಗಂಬದ ಹಿಂದೆ ಏರುತ್ತ ಹೋಗುವ ಕಾಂಕ್ರೀಟ್ ಮೆಟ್ಟಿಲುಗಳ ಸಾಲು. ಕುರ್ಚಿಯಿಲ್ಲ, ನಿಂತೇ ಆಟ ನೋಡಬೇಕು. ಟಿಕೆಟ್ಟು ಅಗ್ಗ. ಹುಡುಗರು ಅಪ್ಪಂದಿರ ಕೈಬಿಟ್ಟು ಗೆಳೆಯರ ಜತೆ ನಿಲ್ಲತೊಡಗಿದ ಮೇಲೆ ಒಂದೊಂದು ತುದಿಯೂ ಒಂದೊಂದು ಸಂಸ್ಥಾನವಾಯಿತು. ಲಿವರ್‌ಪೂಲ್‌ಗೆ ಕೋಪ್, ಚೆಲ್ಸಿಗೆ ಶೆಡ್, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸ್ಟ್ರೆಟ್‌ಫರ್ಡ್ ಎಂಡ್. ಎದುರಾಳಿಗಳ ತುದಿಯನ್ನು ‘ಹಿಡಿಯುವುದು’ ಆ ಕಾಲದ ಮುಖ್ಯ ಸಾಹಸ. ಬೇಗನೆ ಹೋಗಿ, ಬಣ್ಣದ ಸ್ಕಾರ್ಫನ್ನು ಕೋಟಿನೊಳಗೆ ಬಚ್ಚಿಟ್ಟು, ಸ್ಥಳೀಯರ ನಡುವೆ ಬಾಯಿಮುಚ್ಚಿ ನಿಲ್ಲುವುದು; ಮೆಟ್ಟಿಲು ತುಂಬಿದ ಮೇಲೆ ಒಮ್ಮೆಲೇ ತಮ್ಮ ತಂಡದ ಹೆಸರು ಕೂಗಿ ಎದ್ದುಬೀಳುವುದು. ಹತ್ತು ನಿಮಿಷ ಆ ಜಾಗದಲ್ಲಿ ನಿಂತು ತೋರಿಸಿದರೆ ವಾರವಿಡೀ ಹೇಳಿಕೊಳ್ಳುವಷ್ಟು ಸರಕು.

1968-69ರ ಹೊತ್ತಿಗೆ ಈ ಮೆಟ್ಟಿಲುಗಳ ಮೇಲೆ ಸ್ಕಿನ್‌ಹೆಡ್‌ಗಳು ಕಾಣಿಸಿಕೊಂಡರು. ಬೋಳಿಸಿದಷ್ಟು ಗಿಡ್ಡ ಕೂದಲು, ಬೆನ್ ಶರ್ಮನ್ ಅಂಗಿ, ತೆಳು ಬ್ರೇಸಸ್, ಬೂಟು ಪೂರ್ತಿ ಕಾಣುವಂತೆ ಮೇಲಕ್ಕೆ ಮಡಚಿದ ಜೀನ್ಸ್. ಬೂಟು ಡಾಕ್ಟರ್ ಮಾರ್ಟೆನ್ಸ್. ನಾರ್ಥಾಂಪ್ಟನ್‌ಶೈರಿನ ಕಾರ್ಖಾನೆಯೊಂದು 1960ರ ಏಪ್ರಿಲ್ 1ರಂದು ಹೊರತಂದ, ಮೂಲತಃ ದುಡಿಯುವ ಜನರ ಪಾದರಕ್ಷೆ. ಕೆಲವು ಮೈದಾನಗಳ ಬಾಗಿಲಲ್ಲಿ ಪೊಲೀಸರು ಈ ಹುಡುಗರ ಬೂಟಿನ ಲೇಸು ಬಿಚ್ಚಿಸಿಕೊಂಡೇ ಒಳಗೆ ಬಿಡುತ್ತಿದ್ದರು. ಲೇಸಿಲ್ಲದ ಬೂಟಿನಲ್ಲಿ ಒದೆಯುವುದೂ ಕಷ್ಟ, ಓಡುವುದೂ ಕಷ್ಟ.

ಇವರ ಕಿವಿಯಲ್ಲಿದ್ದದ್ದು ಮಾತ್ರ ಜಮೈಕಾದ ಸ್ಕಾ ಮತ್ತು ರೆಗೆ. ವೆಸ್ಟ್ ಇಂಡೀಸ್ ಮೂಲದ ಸಿಮಾರಿಪ್ ತಂಡ ಸ್ಕಿನ್‌ಹೆಡ್‌ಗಳಿಗಾಗಿಯೇ ಹಾಡು ಕಟ್ಟಿತ್ತು. 1968ರಲ್ಲಿ ಶುರುವಾದ ಟ್ರೋಜನ್ ರೆಕಾರ್ಡ್ಸ್ ಕಂಪನಿಯ ತಟ್ಟೆಗಳು ಇವರಿಂದಲೇ ಖರ್ಚಾಗುತ್ತಿದ್ದವು. ಕರಿಯ ನೆರೆಹೊರೆಯವರಿಂದ ಕುಣಿತ ಕಲಿತ ಈ ಹುಡುಗರಲ್ಲೇ ಅನೇಕರು ದಕ್ಷಿಣ ಏಷ್ಯಾದಿಂದ ಬಂದವರನ್ನು ಬೀದಿಯಲ್ಲಿ ಹಿಡಿದು ಬಡಿಯುವುದನ್ನು ಒಂದು ಆಟ ಮಾಡಿಕೊಂಡಿದ್ದರು. ಸ್ಕಿನ್‌ಹೆಡ್ ಚರಿತ್ರೆ ಬರೆದ ಬಹುತೇಕರು ಮೊದಲ ಸಂಗತಿಯನ್ನು ಅಧ್ಯಾಯಗಟ್ಟಲೆ ಹೇಳಿ ಎರಡನೆಯದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಮೊದಲು ದುಡ್ಡು ಮಾಡಿದವರು ಪೇಪರ್‌ಬ್ಯಾಕ್‌ನವರು. 1970ರಲ್ಲಿ ನ್ಯೂ ಇಂಗ್ಲಿಷ್ ಲೈಬ್ರರಿ ಪ್ರಕಟಿಸಿದ ‘ಸ್ಕಿನ್‌ಹೆಡ್’ ಕಾದಂಬರಿಯ ನಾಯಕ ಜೋ ಹಾಕಿನ್ಸ್, ವೆಸ್ಟ್ ಹ್ಯಾಮ್ ಬೆಂಬಲಿಗ, ಹದಿನಾರರ ಹುಡುಗ. ರಿಚರ್ಡ್ ಆಲನ್ ಎಂಬ ಹೆಸರಿನ ಹಿಂದಿದ್ದವರು ಜೇಮ್ಸ್ ಮಾಫಟ್. ಕೆನಡಾದಲ್ಲಿ ಹುಟ್ಟಿದವರು, ವಯಸ್ಸು ಐವತ್ತರ ಹತ್ತಿರ. ಶಾಲೆಯ ಮೇಜಿನಡಿ ಕೈಯಿಂದ ಕೈಗೆ ದಾಟಿದ ಆ ಪುಸ್ತಕವನ್ನು ಓದಿ ಸ್ಕಿನ್‌ಹೆಡ್ ಆಗುವುದು ಹೇಗೆಂದು ಕಲಿತವರಿದ್ದಾರೆ. ಮುಂದೆ ಅವರು ತಮ್ಮ ನೆನಪು ಬರೆದಾಗ ಅದರಲ್ಲಿ ಬದುಕಿದ್ದೆಷ್ಟು, ಮಾಫಟ್ ಅವರಿಂದ ಬಂದದ್ದೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ವಿಶ್ವವಿದ್ಯಾಲಯಗಳು ಹೆಚ್ಚುಕಡಿಮೆ ಇದೇ ಹೊತ್ತಿಗೆ ಎಚ್ಚೆತ್ತವು. 1968ರಲ್ಲಿ ಮನೋವೈದ್ಯ ಜಾನ್ ಹ್ಯಾರಿಂಗ್ಟನ್ ಅವರ ತಂಡ ಬರ್ಮಿಂಗ್‌ಹ್ಯಾಮಿನಿಂದ ವರದಿ ಕೊಟ್ಟಿತು. ಪುಂಡಾಟವನ್ನು ಅದು ಬಹುಮಟ್ಟಿಗೆ ವ್ಯಕ್ತಿಯ ಮನಸ್ಸಿನ ದೋಷವಾಗಿ ಕಂಡಿತು. ಮಾರ್ಕ್ಸ್‌ವಾದಿ ಇಯಾನ್ ಟೇಲರ್ ಇದನ್ನು ಒಪ್ಪಲಿಲ್ಲ. ಕ್ಲಬ್ಬುಗಳು ಮಧ್ಯಮವರ್ಗದ ಹಣವಂತರತ್ತ ತಿರುಗಿದಾಗ, ಆಟ ನಮ್ಮದೆಂದು ನಂಬಿದ್ದ ಕಾರ್ಮಿಕರ ಮಕ್ಕಳು ತೋರಿದ ಪ್ರತಿರೋಧ ಇದು ಎಂದರು. ಬರ್ಮಿಂಗ್‌ಹ್ಯಾಮಿನ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರದ ಪ್ರಕಟಣೆಗಳಲ್ಲಿ ಫಿಲ್ ಕೋಹೆನ್ ಮತ್ತು ಜಾನ್ ಕ್ಲಾರ್ಕ್ ಇದನ್ನೇ ಇನ್ನಷ್ಟು ಸೂಕ್ಷ್ಮಗೊಳಿಸಿದರು. ಲಂಡನ್ನಿನ ಪೂರ್ವಭಾಗದ ಹಳೆಯ ಬೀದಿಗಳನ್ನು ಕೆಡವಿ ಗೋಪುರದಂಥ ವಸತಿಗಳನ್ನು ಎಬ್ಬಿಸಿದ್ದರು. 1967ರಿಂದ ಬಂದರುಕಟ್ಟೆಗಳು ಒಂದೊಂದಾಗಿ ಮುಚ್ಚಿದವು. ಅಪ್ಪ-ಅಜ್ಜಂದಿರ ಆ ಕಾರ್ಮಿಕ ಲೋಕ ಕಣ್ಣೆದುರೇ ಮಾಯವಾಗುತ್ತಿರುವಾಗ ಹುಡುಗರು ಬೂಟು, ಬ್ರೇಸಸ್ಸು, ಬೀದಿಯ ಅಭಿಮಾನಗಳಲ್ಲಿ ಅದನ್ನು ಮಂತ್ರಹಾಕಿ ಕರೆಸಿಕೊಳ್ಳಲು ನೋಡಿದರು ಎಂಬುದು ಕ್ಲಾರ್ಕ್ ವಾದ. ತುಂಬ ಚೆಂದದ ವಾದ, ಇವತ್ತಿಗೂ ಎಲ್ಲರೂ ಉದ್ಧರಿಸುತ್ತಾರೆ. ಆದರೆ ಆ ಹುಡುಗರನ್ನು ಕೂರಿಸಿಕೊಂಡು ಕೇಳಿದ್ದು ಮಾತ್ರ ಕಡಿಮೆ.

ಕೇಳಿದವರು ಪೀಟರ್ ಮಾರ್ಷ್. ಆಕ್ಸ್‌ಫರ್ಡ್ ಯುನೈಟೆಡ್ ಮೈದಾನದ ಹುಡುಗರ ನಡುವೆ ಓಡಾಡಿ, ಎಲಿಜಬೆತ್ ರಾಸರ್ ಮತ್ತು ರೋಮ್ ಹಾರೆ ಜತೆಗೂಡಿ 1978ರಲ್ಲಿ ಬರೆದ ಪುಸ್ತಕದಲ್ಲಿ ಅವರು ಹೇಳಿದ್ದು ಪತ್ರಿಕೆಗಳನ್ನು ಕೆರಳಿಸಿತು: ಗಲಭೆ ಎಂದು ಕಾಣುವುದಕ್ಕೂ ನಿಯಮಗಳಿವೆ, ಬೆದರಿಸುವುದು ಹೆಚ್ಚು, ಬಡಿಯುವುದು ಕಡಿಮೆ, ಅಟ್ಟಿಸಿಕೊಂಡು ಹೋದವರು ಹಿಡಿಯದಿರಲೆಂದೇ ಓಡುತ್ತಾರೆ. ಬಹಳ ಮಟ್ಟಿಗೆ ನಿಜವೇ. ಆದರೆ 1974ರಲ್ಲೇ ಬ್ಲ್ಯಾಕ್‌ಪೂಲ್ ಮೈದಾನದಲ್ಲಿ ಒಬ್ಬ ಹುಡುಗ ಚಾಕು ಇರಿತಕ್ಕೆ ಸತ್ತಿದ್ದ.

ಎಂಬತ್ತರ ದಶಕದಲ್ಲಿ ಈ ಕ್ಷೇತ್ರವನ್ನು ಆಳಿದ್ದು ಲೆಸ್ಟರ್ ವಿಶ್ವವಿದ್ಯಾಲಯ. ಎರಿಕ್ ಡನಿಂಗ್, ಪ್ಯಾಟ್ರಿಕ್ ಮರ್ಫಿ, ಜಾನ್ ವಿಲಿಯಮ್ಸ್ ಹಳೆಯ ಪತ್ರಿಕೆಗಳನ್ನೂ ಫುಟ್‌ಬಾಲ್ ಸಂಘದ ಕಡತಗಳನ್ನೂ ಜಾಲಾಡಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೂ ಮೈದಾನಗಳಲ್ಲಿ ಹೊಡೆದಾಟ ನಡೆಯುತ್ತಿತ್ತೆಂದು ತೋರಿಸಿದರು. ‘ನಮ್ಮ ಕಾಲದಲ್ಲಿ ಎಲ್ಲ ಸರಿಯಾಗಿತ್ತು’ ಎನ್ನುವ ಅಜ್ಜಂದಿರ ಬಾಯಿ ಮುಚ್ಚಿಸಿದ ಸಂಶೋಧನೆ ಇದು. ಅವರ ನಂತರ ಬಂದ ಗ್ಯಾರಿ ಆರ್ಮ್‌ಸ್ಟ್ರಾಂಗ್ ಶೆಫೀಲ್ಡ್‌ನವರೇ. ಶೆಫೀಲ್ಡ್ ಯುನೈಟೆಡ್‌ನ ‘ಬ್ಲೇಡ್ಸ್’ ಗುಂಪಿನ ಜತೆ ವರ್ಷಗಟ್ಟಲೆ ಇದ್ದು 1998ರಲ್ಲಿ ಪುಸ್ತಕ ಪ್ರಕಟಿಸಿದ ಅವರಿಗೆ, ಪುಂಡಾಟದ ಬೇರು ಕೆಳಸ್ತರದ ಕಾರ್ಮಿಕರ ಬದುಕಿನಲ್ಲಿದೆ ಎಂಬ ಲೆಸ್ಟರ್‌ನವರ ವರ್ಗಸಿದ್ಧಾಂತ ಹಿಡಿಸಲಿಲ್ಲ. ತಾನು ಕಂಡ ಗುಂಪಿಗೆ ಸೇನಾಪತಿಯೂ ಇರಲಿಲ್ಲ, ಶಿಸ್ತೂ ಇರಲಿಲ್ಲ ಎಂದರು. ಎರಡು ಪಾಳಯಗಳ ಜಗಳ ಕಾಗದದ ಮೇಲೆ ಸಾಕಷ್ಟು ಬಿರುಸಾಗಿಯೇ ನಡೆಯಿತು.

ವಿದ್ವಾಂಸರ ಈ ಜಗಳಕ್ಕೆ ಬಹಳ ಮೊದಲೇ ಮೆಟ್ಟಿಲುಗಳ ಮೇಲೆ ಬೂಟು ಮಾಯವಾಗಿತ್ತು. ಬೋಳುತಲೆ ಕಂಡರೆ ಪೊಲೀಸರು ಹಿಡಿಯುತ್ತಾರೆಂದು ಗೊತ್ತಾದ ಮೇಲೆ ಹುಡುಗರು ವೇಷ ಬದಲಿಸಿದರು. ಲಿವರ್‌ಪೂಲ್ ತಂಡದ ಹಿಂದೆ ಯುರೋಪು ಸುತ್ತಿದವರು ಅಡಿಡಾಸ್, ಫಿಲಾ, ಲಕಾಸ್ಟ್ ಉಡುಪು ತೊಟ್ಟು ಬಂದರು. ‘ಕ್ಯಾಶುವಲ್ಸ್’ ಹುಟ್ಟಿದ್ದು ಹಾಗೆ. ವೆಸ್ಟ್ ಹ್ಯಾಮ್‌ನ ಗುಂಪು ಬೆಂಬಲಿಗರ ಕಾವಲಿನ ವಿಶೇಷ ರೈಲು ಬಿಟ್ಟು ಮಾಮೂಲಿ ಇಂಟರ್‌ಸಿಟಿ ರೈಲಿನಲ್ಲಿ ಟಿಕೆಟ್ಟು ತೆಗೆದು ಹೋಗುತ್ತಿತ್ತು, ಹಾಗಾಗಿ ಅದರ ಹೆಸರು ‘ಇಂಟರ್ ಸಿಟಿ ಫರ್ಮ್’. ಹೊಡೆತ ತಿಂದವನ ಪಕ್ಕದಲ್ಲಿ ವಿಸಿಟಿಂಗ್ ಕಾರ್ಡ್ ಇಟ್ಟುಹೋಗುವ ಠೀವಿ ಬೇರೆ.

1985ರ ಮೇ ತಿಂಗಳು ಎಲ್ಲವನ್ನೂ ಕಲಸಿಹಾಕಿತು. 11ರಂದು ಬ್ರಾಡ್‌ಫರ್ಡ್ ಮೈದಾನದ ಬೆಂಕಿಗೆ 56 ಜನ ಬಲಿಯಾದರು. ಅದಕ್ಕೂ ಪುಂಡಾಟಕ್ಕೂ ಸಂಬಂಧವಿರಲಿಲ್ಲ. ಅದೇ ದಿನ ಬರ್ಮಿಂಗ್‌ಹ್ಯಾಮಿನಲ್ಲಿ ಲೀಡ್ಸ್ ವಿರುದ್ಧದ ಪಂದ್ಯದ ಗಲಭೆ ಮುಗಿಯುವಾಗ ಗೋಡೆ ಕುಸಿದು ಹದಿನೈದರ ಹುಡುಗನೊಬ್ಬ ಸತ್ತ. 29ರಂದು ಬ್ರಸೆಲ್ಸ್‌ನ ಹೈಸೆಲ್‌ನಲ್ಲಿ ಲಿವರ್‌ಪೂಲ್ ಬೆಂಬಲಿಗರು ನುಗ್ಗಿದಾಗ 39 ಮಂದಿ, ಹೆಚ್ಚಿನವರು ಇಟಲಿಯವರು, ಪ್ರಾಣ ಬಿಟ್ಟರು. ಇಂಗ್ಲಿಷ್ ಕ್ಲಬ್ಬುಗಳು ಐದು ವರ್ಷ ಯುರೋಪಿನಿಂದ ಹೊರಗೆ. ಚೆಲ್ಸಿ ಅಧ್ಯಕ್ಷರಂತೂ ಆ ವರ್ಷ ಮೈದಾನಕ್ಕೆ ವಿದ್ಯುತ್ ಬೇಲಿಯನ್ನೇ ಹಾಕಿಸಿದರು. ಲಂಡನ್ ಆಡಳಿತ ಅಡ್ಡಬಂದದ್ದರಿಂದ ಕರೆಂಟು ಹರಿಯಲಿಲ್ಲ.

ಬೇಲಿಗಳ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಪುಂಡರನ್ನು ತಡೆಯಲೆಂದು ಮೈದಾನದ ಸುತ್ತ ನಿಲ್ಲಿಸಿದ್ದ ಕಬ್ಬಿಣದ ಬೇಲಿಗೇ ಒತ್ತಿ 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ಲಿವರ್‌ಪೂಲ್ ಬೆಂಬಲಿಗರು ಉಸಿರುಗಟ್ಟಿದರು. ಕೊನೆಗೆ ಲೆಕ್ಕಕ್ಕೆ ಬಂದ ಸಾವು 97. ನಾಲ್ಕೇ ದಿನದಲ್ಲಿ ‘ದಿ ಸನ್’ ಪತ್ರಿಕೆ ತಪ್ಪನ್ನು ಸತ್ತವರ ಕಡೆಯವರ ಮೇಲೇ ಹೊರಿಸಿತು. ಓದುಗರು ನಂಬಿದರು, ಏಕೆಂದರೆ ಇಪ್ಪತ್ತು ವರ್ಷ ಪತ್ರಿಕೆಗಳಲ್ಲಿ ಫುಟ್‌ಬಾಲ್ ಬೆಂಬಲಿಗನೆಂದರೆ ಪುಂಡ ಎಂದೇ ಓದಿದ್ದರು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತೆಂದು ಸ್ವತಂತ್ರ ಸಮಿತಿ ಹೇಳಿದ್ದು 2012ರಲ್ಲಿ. ಬೆಂಬಲಿಗರ ತಪ್ಪಿಲ್ಲವೆಂದು ತೀರ್ಪು ಬಂದದ್ದು 2016ರಲ್ಲಿ. ಖಾಕಿಯ ನೆನಪು ಕೈಕೊಟ್ಟದ್ದು ಇದೇ ಮೊದಲಲ್ಲ. ವೇಷ ಮರೆಸಿ ವೆಸ್ಟ್ ಹ್ಯಾಮ್ ಗುಂಪಿನೊಳಗೆ ಸೇರಿದ್ದ ಪೊಲೀಸರ ದಾಖಲೆಪುಸ್ತಕಗಳನ್ನು ನಂಬುವಂತಿಲ್ಲವೆಂದಾಗಿ 1988ರಲ್ಲಿ ಆ ಮೊಕದ್ದಮೆಯೇ ಬಿದ್ದುಹೋಗಿತ್ತು.

ಆತ್ಮಕಥೆಗಳ ಸುಗ್ಗಿ ಬಂದದ್ದು ಇದರ ನಂತರ. ಹಿಲ್ಸ್‌ಬರೋ ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ವರದಿಯಂತೆ 1994ರ ಹೊತ್ತಿಗೆ ಮೇಲಿನ ಎರಡು ದರ್ಜೆಗಳ ಮೈದಾನಗಳಲ್ಲಿ ಕುರ್ಚಿ ಬಂದು ಟೆರೇಸ್ ಹೋಯಿತು, ಟಿಕೆಟ್ ದರ ಏರಿತು, ನಿಂತು ಹಾಡುತ್ತಿದ್ದವರು ಟಿವಿ ಮುಂದೆ ಕೂತರು. ಕಳೆದುಹೋದ ಜಾಗದ ಮೇಲೆ ಹಂಬಲ ಹುಟ್ಟುವುದು ಸಹಜ. 1989ರಲ್ಲಿ ಕಾಲಿನ್ ವಾರ್ಡ್ ಮತ್ತು ಅಬರ್ಡೀನ್‌ನ ಜೇ ಆಲನ್ ದಾರಿ ತೆರೆದಿದ್ದರು. ಅಮೆರಿಕನ್ ಸಂಪಾದಕ ಬಿಲ್ ಬ್ಯುಫರ್ಡ್ ಪುಂಡರ ಜತೆ ಟ್ಯೂರಿನ್‌ಗೆ ಹೋಗಿ, ಗುಂಪಿನ ಹಿಂಸೆ ತನಗೂ ಮತ್ತೇರಿಸಿತೆಂದು ಒಪ್ಪಿಕೊಂಡು ಬರೆದರು. ಆ ಪ್ರಾಮಾಣಿಕತೆ ಪಂಡಿತರಲ್ಲಿ ಯಾರಿಗೂ ಬಂದಿರಲಿಲ್ಲ. ಆಮೇಲೆ ಬ್ರಿಮ್ಸನ್ ಸಹೋದರರು, ಮಾರ್ಟಿನ್ ಕಿಂಗ್, ಮತ್ತೆ ಪ್ರತಿ ಊರಿನ ಪ್ರತಿ ಗುಂಪಿಗೊಂದು ಪುಸ್ತಕ. ಇವುಗಳಲ್ಲಿ ಅಂಗಿ, ರೈಲು, ಪಬ್ಬು, ಊರಿನ ಓಣಿಗಳ ವಿವರ ಬೇರೆಲ್ಲೂ ಸಿಗದಷ್ಟು ನಿಖರ. ಹೊಡೆದಾಟದ ವಿವರ ಮಾತ್ರ ಅನುಮಾನಾಸ್ಪದ. ಯಾವ ಪುಸ್ತಕ ತೆರೆದರೂ ಅದರ ಲೇಖಕರ ಗುಂಪು ಬೆನ್ನು ತೋರಿಸಿದ್ದೇ ಇಲ್ಲ. ಎಲ್ಲರೂ ಗೆದ್ದಿದ್ದರೆ ಓಡಿಹೋದವರು ಯಾರು?

ಈ ರಾಶಿಯಲ್ಲಿ ಬೇರೆಯಾಗಿ ನಿಲ್ಲುವುದು ಕ್ಯಾಸ್ ಪೆನಂಟ್ ಅವರದು. ಜಮೈಕಾ ಮೂಲದ ಮಗು, ಬಿಳಿಯರ ಮನೆಯಲ್ಲಿ ಬೆಳೆದು, ಬಿಳಿಯರೇ ತುಂಬಿದ್ದ ವೆಸ್ಟ್ ಹ್ಯಾಮ್ ಗುಂಪಿನ ಮುಂದಾಳುಗಳಲ್ಲಿ ಒಬ್ಬರಾದವರು. ಪುಂಡಾಟವೆಂದರೆ ಬಲಪಂಥದ ಕೈಗೂಸು ಎಂಬ ಸರಳ ಸೂತ್ರ ಅವರ ಮುಂದೆ ತಡವರಿಸುತ್ತದೆ. ಜಾರ್ಜ್ ಮಾರ್ಷಲ್ 1991ರಲ್ಲಿ ಬರೆದ ಸ್ಕಿನ್‌ಹೆಡ್ ಚರಿತ್ರೆಯೂ, ಗೆವಿನ್ ವಾಟ್ಸನ್ ಹೈ ವಿಕಂಬ್‌ನ ತನ್ನ ಗೆಳೆಯರನ್ನು ತೆಗೆದ ಫೋಟೋಗಳೂ ಆ ಸೂತ್ರದ ವಿರುದ್ಧದ ಸಾಕ್ಷ್ಯವೇ. 1983ರಲ್ಲಿ ನಡೆಯುವ ಕಥೆಯುಳ್ಳ ಶೇನ್ ಮೆಡೋಸ್ ಅವರ ‘ದಿಸ್ ಈಸ್ ಇಂಗ್ಲೆಂಡ್’ ಚಿತ್ರ (2006) ಒಂದೇ ಗೆಳೆಯರ ಬಳಗ ರೆಗೆ ಮತ್ತು ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್‌ಗಳ ನಡುವೆ ಒಡೆಯುವುದನ್ನು ತೋರಿಸಿತು.

ಒಡೆದ ಮೇಲೆ ಏನಾಯಿತೆಂದು ಲಂಡನ್ನಿನ ಸೌತಾಲ್‌ನ ಪಂಜಾಬಿಗಳನ್ನು ಕೇಳಬೇಕು. 1981ರ ಜುಲೈ 3ರಂದು ಅಲ್ಲಿನ ಹ್ಯಾಂಬ್ರೊ ಟ್ಯಾವರ್ನ್‌ನಲ್ಲಿ ಸ್ಕಿನ್‌ಹೆಡ್ ಬ್ಯಾಂಡ್‌ಗಳ ಕಾರ್ಯಕ್ರಮವಿತ್ತು. ಬಸ್ಸಿನಲ್ಲಿ ಬಂದಿಳಿದವರಲ್ಲಿ ಕೆಲವರು ಅಂಗಡಿಗಳ ಗಾಜು ಒಡೆದರು, ಏಷ್ಯನ್ ಹುಡುಗರು ಬೀದಿಗಿಳಿದರು, ರಾತ್ರಿ ಪಬ್ಬು ಸುಟ್ಟುಹೋಯಿತು. ಹಿಟ್ ಅಂಡ್ ಟೆಲ್ ಮಾರುಕಟ್ಟೆಯಲ್ಲಿ ಈ ಕಡೆಯವರ ನೆನಪಿಗೆ ಬೆಲೆ ಇರಲಿಲ್ಲ. ಚಾನೆಲ್ 4 ವಾಹಿನಿಯ ‘ಡಿಫೈಯನ್ಸ್’ ಸರಣಿಯಲ್ಲಿ ಆ ಕಾಲದ ಏಷ್ಯನ್ ಯುವಕರು ತಲೆ ನರೆತ ಮೇಲೆ ಕ್ಯಾಮೆರಾ ಮುಂದೆ ಕೂತದ್ದು 2024ರಲ್ಲಿ.

ಈ ವಿಷಯಕ್ಕೆ ಹೊಸದಾಗಿ ಕೈಹಾಕುವವರು ಯಾವ ಪುಸ್ತಕದಿಂದ ಶುರುಮಾಡಬೇಕೆಂದು ಕೇಳಿದರೆ ನಾನು ಪುಂಡರ ಪುಸ್ತಕವನ್ನೂ ಹೇಳುವುದಿಲ್ಲ, ಲೆಸ್ಟರ್‌ನವರದನ್ನೂ ಹೇಳುವುದಿಲ್ಲ. ಪಾಲ್ ಕ್ಯಾನೊವಿಲ್ ಅವರ ‘ಬ್ಲ್ಯಾಕ್ ಅಂಡ್ ಬ್ಲೂ’ ಓದಲಿ. ಚೆಲ್ಸಿ ಪರ ಆಡಿದ ಮೊದಲ ಕಪ್ಪು ಆಟಗಾರ ಅವರು. 1982ರ ಏಪ್ರಿಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೈದಾನದ ಅಂಚಿನಲ್ಲಿ, ಬದಲಿ ಆಟಗಾರನಾಗಿ ಇಳಿಯಲು ಮೈ ಬಿಸಿಮಾಡಿಕೊಳ್ಳುತ್ತಿದ್ದಾಗ ಬೈಗುಳದ ಮಳೆ ಸುರಿಯಿತು. ಬೈಯುತ್ತಿದ್ದವರು ನೀಲಿ ಅಂಗಿ ತೊಟ್ಟಿದ್ದ ಚೆಲ್ಸಿ ಬೆಂಬಲಿಗರೇ. ಅದು ಪುಸ್ತಕವಾಗಿ ಹೊರಬರಲು 2008 ಆಯಿತು, ಚೆಲ್ಸಿಯ ಪುಂಡರಲ್ಲಿ ಕೆಲವರು ತಮ್ಮ ಕಥೆ ಮಾರಿ ಆಗಲೇ ವರ್ಷಗಳಾಗಿದ್ದವು.