ಟಲ್ಸಾ ಹತ್ಯಾಕಾಂಡ ಮತ್ತು ಶಾಲೆಯ ಇತಿಹಾಸಪಾಠ

ಜನಾಂಗದ್ವೇಷದಿಂದ ನಡೆದ ಹಿಂಸೆಯನ್ನು ಎಳೆಯರಿಗೆ ಬೋಧಿಸುವುದು ಹೇಗೆಂಬ ಪ್ರಶ್ನೆ ಇತಿಹಾಸದ ಅಧ್ಯಾಪಕರನ್ನೆಲ್ಲ ಕಾಡುವಂಥದು. ಅಮೆರಿಕದ ಓಕ್ಲಹೋಮ ಸಂಸ್ಥಾನದ ಟಲ್ಸಾ ನಗರದ ನಿದರ್ಶನದಿಂದ ಅದನ್ನು ಇಲ್ಲಿ ಪರಿಶೀಲಿಸುತ್ತೇವೆ.

೧೯೨೧ರ ಮೇ ೩೧ರಂದು ಅಲ್ಲಿ ಡಿಕ್ ರೋಲಂಡ್ ಎಂಬ, ಬೂಟು ಪಾಲಿಷ್ ಮಾಡುವ ಕಪ್ಪು ತರುಣನ ಬಂಧನವಾಯಿತು. ಲಿಫ್ಟ್ ನಡೆಸುವ ಬಿಳಿಯ ಹುಡುಗಿಯ ಮೇಲೆ ಅವನು ಕೈಮಾಡಿದನೆಂದು ‘ಟಲ್ಸಾ ಟ್ರಿಬ್ಯೂನ್’ ಪತ್ರಿಕೆ ಸಾರಿತು. ಸಂಜೆ ನ್ಯಾಯಾಲಯದ ಮುಂದೆ ಬಿಳಿಯರ ಗುಂಪು ನೆರೆಯಿತು, ಬಂಧಿಯನ್ನು ರಕ್ಷಿಸಲು ಕಪ್ಪು ಜನರೂ ಆಯುಧ ಹಿಡಿದು ಬಂದರು, ಗುಂಡು ಹಾರಿತು. ಮರುದಿನ ಬೆಳಗ್ಗೆ ಬಿಳಿಯರು ಕಪ್ಪು ಜನರ ಬಡಾವಣೆಯಾದ ಗ್ರೀನ್‌ವುಡ್‌ಗೆ ನುಗ್ಗಿ, ಮನೆ, ಅಂಗಡಿ, ಚರ್ಚುಗಳನ್ನು ಸುಟ್ಟು ಬೂದಿಮಾಡಿದರು. ಮಡಿದವರ ಅಧಿಕೃತ ಸಂಖ್ಯೆ ೩೬. ಅದು ೩೦೦ರವರೆಗೂ ಇದ್ದಿರಬಹುದೆಂಬುದು ಇತಿಹಾಸಕಾರರ ಅಂದಾಜು. ರೋಲಂಡನ ಮೇಲಿನ ಮೊಕದ್ದಮೆಯೋ, ಕೆಲವೇ ತಿಂಗಳಲ್ಲಿ ವಜಾ ಆಯಿತು.

ಇಷ್ಟಕ್ಕೂ ಆಗ ಬಿದ್ದ ಹೆಸರು ‘ದೊಂಬಿ’. ಈ ಹೆಸರು ನಿರಪಾಯಕರವಾದುದಲ್ಲ. ದೊಂಬಿಯೆಂದರೆ ತಪ್ಪು ಇಬ್ಬರದೂ ಎಂಬ ಭಾವನೆ ಹುಟ್ಟುತ್ತದೆ. ಮೇಲಾಗಿ, ದೊಂಬಿಯಿಂದಾದ ನಷ್ಟಕ್ಕೆ ಪರಿಹಾರವಿಲ್ಲವೆಂಬ ಷರತ್ತು ವಿಮಾಪತ್ರಗಳಲ್ಲಿತ್ತು. ೧೯೨೬ರಲ್ಲಿ ಸಂಸ್ಥಾನದ ಉಚ್ಚತಮ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮನೆ ಕಳೆದುಕೊಂಡವರು ಒಂದು ಶಬ್ದದ ದೆಸೆಯಿಂದ ಪರಿಹಾರವನ್ನೂ ಕಳೆದುಕೊಂಡರು.

ಅನಂತರ ದಶಕಗಳ ಕಾಲ ಶಾಲೆಗಳು ಮೌನವಾಗಿದ್ದುವು. ‘ಟ್ರಿಬ್ಯೂನ್’ ಪತ್ರಿಕೆಯ ಹಳೆಯ ಸಂಪುಟದಿಂದ ಆ ದಿನದ ಮುಖಪುಟದ ಲೇಖನವನ್ನೇ ಯಾರೋ ಹರಿದು ತೆಗೆದಿದ್ದರು. ೧೯೯೭ರಲ್ಲಿ ನೇಮಕವಾದ ಆಯೋಗವು ೨೦೦೧ರಲ್ಲಿ ವರದಿ ಒಪ್ಪಿಸಿದ ಮೇಲೆ ವಿಷಯವು ಪಠ್ಯಕ್ರಮವನ್ನು ಸೇರಿತು. ‘ಹತ್ಯಾಕಾಂಡ’ ಎಂಬ ಹೆಸರು ಕ್ರಮೇಣ ನೆಲೆಗೊಂಡಿತು. ಆದರೆ ೨೦೨೧ರಲ್ಲಿ, ಜನಾಂಗದ ಕಾರಣದಿಂದ ಯಾವ ವಿದ್ಯಾರ್ಥಿಯೂ ಅಪರಾಧಭಾವ ತಾಳಬೇಕೆಂದು ಬೋಧಿಸಕೂಡದೆಂಬ ಶಾಸನ ಅಲ್ಲಿ ಬಂತು. ಪಠ್ಯಕ್ರಮದಲ್ಲಿರುವುದನ್ನು ಅದು ನಿಷೇಧಿಸುವುದಿಲ್ಲವಾದರೂ ಅಧ್ಯಾಪಕರಲ್ಲಿ ಅಳುಕು ಹುಟ್ಟಿತು.

ಮಕ್ಕಳ ಮನಸ್ಸು ನೋಯಬಾರದೆಂಬ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಗ್ರೀನ್‌ವುಡ್‌ನಲ್ಲಿ ಬದುಕುಳಿದವರ ಮೊಮ್ಮಕ್ಕಳೂ ಅದೇ ತರಗತಿಯಲ್ಲಿ ಕುಳಿತಿರಬಹುದು. ಮೌನವು ಅವರನ್ನು ನೋಯಿಸದೆ ಇರುವುದೆ? ಅಪರಾಧವು ಎಸಗಿದವರದು, ತಿಳಿವಳಿಕೆಯು ಎಲ್ಲರ ಸೊತ್ತು. ಈ ಭೇದವನ್ನು ಮೊದಲು ಸ್ಪಷ್ಟಪಡಿಸಿ, ಬಳಿಕ ದಾಖಲೆಗಳನ್ನೇ ಮಕ್ಕಳ ಮುಂದಿಡುವುದು ಯುಕ್ತ. ಹೆಣಗಳ ವರ್ಣನೆ ಎಳೆಯರಿಗೆ ಬೇಕಿಲ್ಲ. ಹರಿದ ಆ ಪುಟವನ್ನು ತೋರಿಸಿ, “ಇದನ್ನು ಯಾರು, ಏಕೆ ತೆಗೆದಿರಬಹುದು?” ಎಂದು ಕೇಳಿದರೆ ಸಾಕು. ‘ದೊಂಬಿ’, ‘ಹತ್ಯಾಕಾಂಡ’ ಎಂಬ ಎರಡು ಶಬ್ದಗಳನ್ನು ಹಲಗೆಯ ಮೇಲೆ ಬರೆದು, ಇವುಗಳಲ್ಲಿ ಸಾಕ್ಷ್ಯಕ್ಕೆ ಒಪ್ಪುವುದು ಯಾವುದೆಂದು ವಿಚಾರಿಸಲು ಬಿಟ್ಟರೆ, ಮಗುವು ದ್ವೇಷವನ್ನಲ್ಲ, ವಿವೇಚನೆಯನ್ನು ಕಲಿಯುತ್ತದೆ.