ಗಾಚಾ ಅಂದ್ರ ತಿರುವೋದು, ಪೊನ್ ಅಂದ್ರ ಬೀಳೋದು

ಅಕ್ಕಾರ, ವೈನಿಯರ, ಹೋದ ವರ್ಷ ನಾ ಎರಡು ತಿಂಗಳು ಟೋಕಿಯೋದಾಗ ಮಗಳ ಮನ್ಯಾಗ ಇದ್ದೆ ಅಂತ ನಿಮಗೆಲ್ಲಾ ಗೊತ್ತೈತಿ. ಮೊಮ್ಮಗನ್ನ ನೋಡ್ಕೊಳ್ಳಾಕ ಹೋಗಿದ್ದೆ. ತಿರುಗಿ ಬಂದ ಮ್ಯಾಲ ಎಲ್ಲಾರೂ "ಅಲ್ಲಿ ಊಟಕ್ಕ ಏನ್ ಮಾಡಿದ್ರಿ?" ಅಂತ ಕೇಳಿದ್ರಿ. ಅದನ್ನ ಇನ್ನೊಮ್ಮೆ ಬರೀತೀನಿ. ಇವತ್ತು ಅಲ್ಲಿ ತಾಯಿ-ಮಗಳ ನಡುವ ಆದ ಒಂದು ಜಗಳ, ಅದರಿಂದ ನಾ ಕಲಿತ ಇತಿಹಾಸ ಹೇಳ್ತೀನಿ.

ಮಗಳು ಅಂಗಡಿಗಳ ಒಳವಿನ್ಯಾಸ ಮಾಡೋ ಸಣ್ಣ ಆಫೀಸಿನ್ಯಾಗ ಕೆಲಸ ಮಾಡ್ತಾಳ. ನೋಟ್‌ಬುಕ್, ಪೆನ್ಸಿಲ್, ರಬ್ಬರ್ ಮಾರೋ ಒಬ್ಬರು ಹತ್ತು ದಿನದ ಮಟ್ಟಿಗೆ ಅಂಗಡಿ ಹಾಕೋರಿದ್ರು. ಅದಕ್ಕ ಪಾಪ್-ಅಪ್ ಅಂತಾರಂತ. ನಮ್ಮ ಜಾತ್ರಿ ಅಂಗಡಿ ಇದ್ದಂಗ, ಬರ್ತೈತಿ, ಹೋಗ್ತೈತಿ. ಅದು ಹಳೆ ಕಾಲದ ಗೇಮ್ ಸೆಂಟರ್ ಇದ್ದಂಗ ಇರಬೇಕು, ಒಳಗ ಬಂದವರು ನಕ್ಕೋತ ಹೊರಗ ಹೋಗಬೇಕು ಅಂತ ಅವರ ಆಸೆ. ಮಗಳು ರಾತ್ರಿ ಊಟ ಆದ ಮ್ಯಾಲ ಟೇಬಲ್ ಮ್ಯಾಲ ನಕ್ಷೆ ಹರವಿದ್ಲು. ನಡುವ ದೊಡ್ಡ ಗಾಜಿನ ಪೆಟಗಿ, ಅದರೊಳಗ ಒಂದು ಕಬ್ಬಿಣದ ಕೈ. 300 ಯೆನ್ ಹಾಕಿದ್ರ ಕೈ ಕೆಳಗ ಇಳೀತೈತಿ. ಏನರ ಹಿಡಕೊಂಡು ಬಂದ್ರ ಅದು ನಿಮ್ಮದು.

"ಹಿಡೀಲಿಲ್ಲಂದ್ರ?" ಅಂದೆ.

"ರೊಕ್ಕ ಹೋತು ಅಷ್ಟ, ಅವ್ವಾ."

"ಹಂಗಾರ ಇದು ಜೂಜು."

ನಾ ಯಾಕ ಹಂಗಂದೆ ಅಂತ ನಮ್ಮ ಮನಿತನದವರಿಗೆ ಹೇಳೋದು ಬ್ಯಾಡ. ನಮ್ಮ ಕಾಕಾ ಓ.ಸಿ. ಬರಸಿ ಬರಸಿ ಎರಡು ಎಕರೆ ಎರಿ ಹೊಲ ಕಳದ. ಕಾಕುನ ಕೊರಳಾಗಿನ ಸರ ಮೊದಲ ಹೋಗಿತ್ತು. "ನಾಳೆ ಬರೋಬ್ಬರಿ ಹತ್ತತೈತಿ ನೋಡು" ಅನ್ನೋ ಅವನ ಮಾತು ಕೇಳಿಕೋತ ಬೆಳದಾಕಿ ನಾ. ಮಗಳಿಗೆ ಸಿಟ್ಟು ಬಂತು. "ನಿನಗ ಇದರ ಹಿಂದಿಂದು ಏನೂ ಗೊತ್ತಿಲ್ಲ, ಸುಮ್ನ ಹೆಸರಿಡ್ತಿ" ಅಂದ್ಲು. ಎರಡು ದಿನ ಮನ್ಯಾಗ ಮಾತಿಲ್ಲ. ರವಿವಾರ ಅಕಿನ "ನಡಿ ಅವ್ವಾ, ತೋರಿಸ್ತೀನಿ" ಅಂತ ಕೂಸಿನ ಗಾಡಿ ತಯಾರ ಮಾಡಿದ್ಲು.

ಮೊದಲ ಹೋಗಿದ್ದು ಅಸಾಕುಸಾ. ಅಲ್ಲಿ ಮಾತ್ಸುಯಾ ಅಂತ ದೊಡ್ಡ ಬಟ್ಟಿ-ಬರಿ ಅಂಗಡಿ ಐತಿ, 1931ರಾಗ ಶುರು ಆಗಿದ್ದು. ಆವಾಗ ಅದರ ಮಾಳಗಿ ಮ್ಯಾಲ ಹುಡುಗರಿಗೆ ಆಡಾಕ ಒಂದು ದೊಡ್ಡ ಜಾಗ ಮಾಡಿದ್ರು. ತಾಯಂದಿರು ಕೆಳಗ ಸಾಮಾನು ಕೊಳ್ಳೋದು, ಹುಡುಗರು ಮ್ಯಾಲ ಆಡೋದು. ಯುದ್ಧ ಮುಗದ ಮ್ಯಾಲ ಇಂಥ ಮಾಳಗಿಗಳು ಊರೂರಿಗೆ ಬೆಳದುವು. 1955ರಾಗ ಮಸಾಯಾ ನಾಕಾಮುರಾ ಅನ್ನಾವರು ಯೋಕೋಹಾಮಾದ ಒಂದು ಅಂಗಡಿ ಮಾಳಗಿ ಮ್ಯಾಲ ಹುಡುಗರು ಕೂಡೋ ಎರಡು ಯಂತ್ರದ ಕುದುರಿ ಇಟ್ಟು ಧಂದೆ ಶುರು ಮಾಡಿದ್ರು. ಆ ಎರಡು ಕುದುರಿ ಮುಂದ ನಾಮ್ಕೋ ಅನ್ನೋ ಜಗತ್ತಿಗೆ ಹೆಸರಾದ ಕಂಪನಿ ಆತು.

"ನೋಡವಾ, ಇದ್ರಾಗ ಜೂಜೆಲ್ಲೈತಿ?" ಅಂದ್ಲು ಮಗಳು. ಆದ್ರ ಅಕಿ ಸುಳ್ಳು ಹೇಳಾಕಿ ಅಲ್ಲ. ಇನ್ನೊಂದು ಬೇರೂ ಐತಿ ಅಂತ ತಾನ ಹೇಳಿದ್ಲು. ಸರ್ವಿಸ್ ಗೇಮ್ಸ್ ಅಂತ ಒಂದು ಕಂಪನಿ ಜಪಾನಿನ್ಯಾಗ ಇದ್ದ ಅಮೆರಿಕದ ಸೈನಿಕರ ನೆಲೆಗಳಿಗೆ ರೊಕ್ಕ ಹಾಕಿ ಆಡೋ ಯಂತ್ರ ಒದಗಸ್ತಿತ್ತು. ಅದ್ರಾಗ ಜೂಜಿನ ಯಂತ್ರನೂ ಇದ್ದುವು. ಅದರ ಹೆಸರಿನ ಮೊದಲಿನ ಅಕ್ಷರ ಕೂಡಿಸಿದ್ರ ಸೆಗಾ. ಇತ್ತ ಡೇವಿಡ್ ರೋಸನ್ ಅಂತ ಅಮೆರಿಕದ ಮಾಜಿ ಸೈನಿಕ ಟೋಕಿಯೋದಾಗ ಜನರಿಗೆ ಗುರುತಿನ ಫೋಟೊ ತಗಿಯೋ ಡಬ್ಬಿ ಇಟ್ಟಿದ್ದ. 1965ರಾಗ ಇಬ್ಬರೂ ಕೂಡಿ ಸೆಗಾ ಎಂಟರ್‌ಪ್ರೈಸಸ್ ಆದ್ರು. ಹಿಂಗ ಒಂದು ಕಡೆ ಹುಡುಗರ ಕುದುರಿ, ಇನ್ನೊಂದು ಕಡೆ ಸೈನಿಕರ ಜೂಜು. ಎರಡೂ ಕೂಡಿ ಬೆಳದ ಗಿಡ ಇದು.

1978ರಾಗ ತೈತೋ ಕಂಪನಿಯ ತೊಮೊಹಿರೊ ನಿಶಿಕಾಡೊ ಅನ್ನಾವರು ಸ್ಪೇಸ್ ಇನ್ವೇಡರ್ಸ್ ಮಾಡಿದ್ರು. ಆಕಾಶದಿಂದ ವೈರಿಗಳು ಸಾಲಾಗಿ ಇಳೀತಾರ, ನಾವು ಕೆಳಗಿಂದ ಹೊಡೀಬೇಕು. ವೈರಿಗಳು ಕಡಿಮಿ ಆದಂಗ ಉಳದವರು ಜೋರ ಓಡ್ತಾರ. ಅದು ಬೇಕಂತ ಮಾಡಿದ್ದಲ್ಲಂತ. ಒಮ್ಮೆಲೆ ಅಷ್ಟು ಚಿತ್ರ ಬರಿಯಾಕ ಯಂತ್ರಕ್ಕ ಆಗತಿದ್ದಿಲ್ಲ, ಚಿತ್ರ ಕಡಿಮಿ ಆದ್ರ ತಾನ ಹಗರಾಗಿ ಓಡ್ತಿತ್ತು. ನಿಶಿಕಾಡೊ ಅದನ್ನ ತಗಿಲಿಲ್ಲ, ಹಂಗ ಬಿಟ್ರು. ಈ ಆಟಕ್ಕ ಚಹಾದಂಗಡಿ ಟೇಬಲ್‌ನ ಯಂತ್ರ ಮಾಡಿದ್ರು. ಮ್ಯಾಲ ಗಾಜು, ಗಾಜಿನ ಕೆಳಗ ಆಟ, ಗಾಜಿನ ಮ್ಯಾಲ ಕಾಫಿ ಕಪ್ಪು. ಎದುರು-ಬದುರು ಇಬ್ಬರು ಕೂತು 100 ಯೆನ್ ಹಾಕಿ ಆಡೋದು. ಬರೀ ಇದೊಂದ ಆಟದ ಅಂಗಡಿಗಳೂ ಎದ್ದುವು.

ಅಲ್ಲಿ ತುಂಬಿದ್ದು ಗಂಡಸರು, ಗಂಡುಹುಡುಗರು. ಹೆಣ್ಣುಮಕ್ಕಳು ಒಳಗ ಕಾಲಿಡೋದು ಕಡಿಮಿ. ನಾಮ್ಕೋದಾಗ ಇದ್ದ ತೋರು ಇವಾತಾನಿ ಅನ್ನೋ ಹುಡುಗ ಹೆಣ್ಣುಮಕ್ಕಳೂ ಬರೋವಂಥ ಆಟ ಬೇಕು ಅಂತ ವಿಚಾರ ಮಾಡಿದ. ಹೊಡಿಯೋದು ಬಿಟ್ಟು ತಿನ್ನೋದನ್ನ ಆಟ ಮಾಡಿದ. 1980ರಾಗ ಪ್ಯಾಕ್-ಮ್ಯಾನ್ ಬಂತು. ಬಾಯಿ ತಗದು ಮುಚ್ಚಿ ತಿನ್ನೋದಕ್ಕ ಅವರು ಪಾಕು-ಪಾಕು ಅಂತಾರಂತ, ನಾವು ಗಬಗಬ ಅಂದಂಗ. ಹೆಣ್ಣುಮಕ್ಕಳಂದ್ರ ಬರೀ ತಿನ್ನೋರ ಏನು ಅಂತ ನನಗ ಸ್ವಲ್ಪ ಸಿಟ್ಟೂ ಬಂತು, ನಗೂನೂ ಬಂತು.

ಹದಿನೈದು ವರ್ಷದ ಮ್ಯಾಲ ಇದಕ್ಕ ಉತ್ತರ ಒಬ್ಬ ಹೆಣ್ಣುಮಗಳಿಂದ ಬಂತು. ಅಟ್ಲಸ್ ಕಂಪನಿಯ ಮಿಹೋ ಸಸಾಕಿ ಅನ್ನಾಕಿ, ಹುಡುಗಿಯರಿಗೆ ಸ್ಟಿಕರ್ ಅಂದ್ರ ಪ್ರಾಣ, ತಮ್ಮದ ಫೋಟೊ ಸ್ಟಿಕರ್ ಆಗಿ ಬಂದ್ರ ಹೆಂಗ ಅಂತ ವಿಚಾರ ಮಾಡಿದ್ಲು. 1995ರಾಗ ಪ್ರಿಂಟ್ ಕ್ಲಬ್ ಅನ್ನೋ ಫೋಟೊ ಡಬ್ಬಿ ಗೇಮ್ ಸೆಂಟರಿಗೆ ಬಂತು. ಗೆಳತ್ಯಾರು ಗುಂಪುಗುಂಪಾಗಿ ಸಾಲು ಹಚ್ಚಿದ್ರು. ರೊಕ್ಕ ಹಾಕಿದ ಪ್ರತಿ ಸಲ ಕೈಗೆ ಏನರ ಬರ್ತಿತ್ತು ನೋಡ್ರಿ. ಅಲ್ಲಿ ಸೋಲೋದು ಅನ್ನೋದ ಇಲ್ಲ.

ಇಲ್ಲಿಗೆ ಬಂದ ಮ್ಯಾಲ ನಾ ಮತ್ತ ಜೂಜಿನ ಮಾತು ತಗದೆ. ಮಗಳು ನಕ್ಕು, "ನೀ ಕೇಳಿದ್ದನ್ನ ಇಲ್ಲಿ ಸರ್ಕಾರನೂ ಕೇಳೈತಿ ಅವ್ವಾ" ಅಂದ್ಲು. ಪೋಕರ್ ಯಂತ್ರ ಇಟ್ಟು ಕದ್ದು ಜೂಜು ನಡಸೋರು ಇದ್ರು. ಹುಡುಗರು ರಾತ್ರಿ ಮನಿಗೆ ಬರವಲ್ರು ಅಂತ ತಾಯಿ-ತಂದಿ ದೂರಿದ್ರು. 1984ರಾಗ ಕಾಯ್ದೆ ತಿದ್ದಿ, ಮುಂದಿನ ವರ್ಷದಿಂದ ಗೇಮ್ ಸೆಂಟರುಗಳನ್ನ ಅದರ ಕೆಳಗ ತಂದ್ರು. ನಡುರಾತ್ರಿ ಆದ ಮ್ಯಾಲ ಬಂದ್ ಮಾಡಬೇಕಾತು. ಕಬ್ಬಿಣದ ಕೈಯಿಂದ ಗೊಂಬಿ ಹಿಡಿಯೋ ಸೆಗಾದ ಯುಎಫ್‌ಓ ಕ್ಯಾಚರ್ ಬಂದಿದ್ದೂ 1985ರಾಗ. ಅದಕ್ಕೂ ಲೆಕ್ಕ ಐತಿ. ಬಹುಮಾನ ಅಂತ ರೊಕ್ಕ ಕೊಡೂಹಂಗಿಲ್ಲ, ಒಳಗಿನ ಸಾಮಾನು ಹೆಚ್ಚು ಬೆಲಿದೂ ಇರೂಹಂಗಿಲ್ಲ. ಮೊದಲ 800 ಯೆನ್ ಮಿತಿ ಇತ್ತು, 2022ರಿಂದ 1000 ಯೆನ್. ಅಂದ್ರ ಹೊಲ-ಮನಿ ಹೋಗದಂಗ ಒಡ್ಡು ಹಾಕ್ಯಾರ. ನಮ್ಮ ಕಾಕಾನ ಆಟಕ್ಕ ಇಂಥ ಒಡ್ಡು ಇದ್ದಿಲ್ಲ.

ಕಡೀಕ ತೋರಿಸಿದ್ದು ಗಾಚಾಪೊನ್. ಒಂದು ಗೋಡಿ ತುಂಬ ಸಣ್ಣ ಸಣ್ಣ ಡಬ್ಬಿ. ರೊಕ್ಕ ಹಾಕಿ ಹಿಡಿಕಿ ತಿರುವಿದ್ರ 'ಗಾಚಾ', ಚೆಂಡಿನಂಥ ಕರಡಗಿ ಬಿದ್ರ 'ಪೊನ್'. ಸಪ್ಪಳಾನ ಹೆಸರಾಗೈತಿ. ಇದು 1965ರಾಗ ಅಮೆರಿಕದಿಂದ ಬಂದ ಯಂತ್ರ. 1977ರಾಗ ಬಂದಾಯ್ ಕಂಪನಿ ಕೈ ಹಾಕಿದ ಮ್ಯಾಲ ಊರೆಲ್ಲಾ ಹಬ್ಬಿತು. 2012ರಾಗ ಕಪ್ಪಿನ ಅಂಚಿಗೆ ಕೂಡೋ ಫುಚಿಕೋ ಅನ್ನೋ ಪುಟ್ಟ ಗೊಂಬಿ ಬಂತು. ಆಫೀಸಿಗೆ ಹೋಗೋ ಹೆಣ್ಣುಮಗಳಂಗ ಅದರ ಉಡುಪು. ಅದಕ್ಕ ದೊಡ್ಡ ಹೆಣ್ಣುಮಕ್ಕಳೂ ಮರುಳಾದ್ರಂತ. ನಾನೂ 300 ಯೆನ್ ಹಾಕಿ ತಿರುವಿದೆ. ಒಂದು ಬೆಕ್ಕು ಬಂತು. ಏನ್ ಬರ್ತೈತೋ ಗೊತ್ತಿಲ್ಲ, ಆದ್ರ ಬರೋದಂತೂ ಖರೆ.

ಅವತ್ತ ರಾತ್ರಿ ಮಗಳು ನಕ್ಷೆ ಮತ್ತ ತಗದ್ಲು. ನಾ ಏನೂ ಅನ್ನಲಿಲ್ಲ. ತಾನ ಕಬ್ಬಿಣದ ಕೈ ಅಳಿಸಿ ಮೂರು ಗಾಚಾ ಡಬ್ಬಿ ಬರದ್ಲು. 300 ಯೆನ್ ಹಾಕಿದ್ರ 300 ಯೆನ್ನಿನ ರಬ್ಬರ್, ಪೆನ್ಸಿಲ್. ಹಿಡಿಕಿ ಐದು ವರ್ಷದ ಕೂಸಿಗೂ ಎಟಕೂವಷ್ಟ ಎತ್ತರ. "ನನ್ನಂಥ ಮಣಕಾಲು ನೋಯೋರು ಎಲ್ಲಿ ಕೂಡಬೇಕು?" ಅಂತ ಕೇಳಿದೆ. ಅಕಿ ಒಂದು ನಿಮಿಷ ಸುಮ್ನಿದ್ದು, ಆ ಚಹಾದಂಗಡಿ ಗಾಜಿನ ಟೇಬಲ್ ಎರಡು ಬರದ್ಲು. ಗಾಜಿನ ಕೆಳಗ ಆಟದ ಬದಲಿ ಹಳೆ ಪೆನ್ಸಿಲ್‌ಗಳ ಸಾಲು, ಮ್ಯಾಲ ಕೂತು ಒಂದು ಕಾರ್ಡು ಬರಿಯಾಕ ಜಾಗ.

ಅಂಗಡಿ ಮಾಲಕರು ಮೊದಲ ಗೊಣಗಿದ್ರಂತ, ಕಬ್ಬಿಣದ ಕೈ ಇದ್ರ ರೊಕ್ಕ ಹೆಚ್ಚು ಬರ್ತಿತ್ತು ಅಂತ. ಕಡೀಕ ಒಪ್ಪಿದ್ರು.

ನಾ ಗೆದ್ದೆ ಅಂತ ಮಾತ್ರ ತಿಳೀಬ್ಯಾಡ್ರಿ. ಮೊದಲನೇ ದಿನಾನ ಒಂದು ಹುಡುಗಿ ಬೆಕ್ಕಿನ ರಬ್ಬರ್ ಬೇಕಂತ ಏಳು ಸಲ ತಿರುವಿಸಿದ್ಲು. ಅವರವ್ವ ಪರ್ಸ್ ತಗದು ತಗದು ಕೊಟ್ಲು. ಬೆಕ್ಕು ಬರಲಿಲ್ಲ. ಆ ತಾಯಿ ಮುಖ ನೋಡಿ ನನಗ ನಮ್ಮ ಕಾಕು ನೆನಪಾದ್ಲು. ನಷ್ಟ ಇಲ್ಲದ ಆಟದಾಗೂ ಹಟ ಇರ್ತೈತಿ, ಅದನ್ನ ನಾ ಲೆಕ್ಕ ಹಿಡಿದಿದ್ದಿಲ್ಲ. ಮನಿಗೆ ಬಂದು ಮಗಳಿಗೆ, "ಒಂದು ಪರಾತ ಇಡು, ಬ್ಯಾಡಾದವರು ಅದ್ರಾಗ ಹಾಕಿ ಬೇಕಾದ್ದು ತಗೊಳ್ಳಲಿ" ಅಂದೆ. ಮರುದಿನ ಡಬ್ಬಿ ಮಗ್ಗಲದಾಗ ಅದಲು-ಬದಲಿನ ತಟ್ಟಿ ಬಂತು. ಗುರ್ತಿಲ್ಲದ ಹುಡುಗರು "ನನ್ನದು ನೀ ತಗೋ, ನಿನ್ನದು ನನಗ ಕೊಡು" ಅಂತ ಅಲ್ಲೇ ಕೂತು ಚೌಕಾಶಿ ಮಾಡಾಕ ಹತ್ತಿದ್ರು. ಉಳದ ಒಂಬತ್ತೂ ದಿನ ಜನ ಹೆಚ್ಚು ನಿಂತಿದ್ದು ಆ ತಟ್ಟಿ ಸುತ್ತಲ.

ಹನ್ನೊಂದನೇ ದಿನ ಹೋದ್ರ ಅಲ್ಲಿ ಬರೀ ನೆಲ. ಟೇಬಲ್ ಇಲ್ಲ, ಡಬ್ಬಿ ಇಲ್ಲ. ಜಾತ್ರಿ ಮುಗದ ಮರುದಿನದ ಬಯಲು ಇದ್ದಂಗ. ಮಗಳು ಒಂದು ಖಾಲಿ ಕರಡಗಿ ನನಗ ಅಂತ ಎತ್ತಿಟ್ಟಿದ್ಲು. ಈಗ ನಮ್ಮ ಅಡಗಿ ಮನ್ಯಾಗ ಅದ್ರಾಗ ಯಾಲಕ್ಕಿ ಹಾಕಿಟ್ಟೀನಿ. ಮನಿಗೆ ಬಂದಾಗ ನೋಡ್ರಿ, ಮುಚ್ಚಳ ತಗಿವಾಗ ಈಗೂ 'ಪೊನ್' ಅಂತೈತಿ.